ಮತದ್ರೋಹಿ ಡಾಕ್ಟರೂ ಪ್ರಶ್ನೆ ಕೇಳಿದ ರೋಗಿಯೂ

ಷಿಕಾಗೊದ ಮಕ್ಕಳ ತಜ್ಞ ರಾಬರ್ಟ್ ಮೆಂಡೆಲ್‌ಸನ್ ಬರೆದ ‘ಕನ್ಫೆಷನ್ಸ್ ಆಫ್ ಎ ಮೆಡಿಕಲ್ ಹೆರೆಟಿಕ್’ ಹೊರಬಂದದ್ದು 1979ರಲ್ಲಿ. ಇಂದು ಓದಿದರೂ ಅದರ ಸಿಟ್ಟು ಆರಿಲ್ಲ. ಬರೆದವರು ಹೊರಗಿನವರಲ್ಲ, ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳಿದವರು, ಇಲಿನಾಯ್ ರಾಜ್ಯದಲ್ಲಿ ವೈದ್ಯರಿಗೆ ಪರವಾನಗಿ ಕೊಡುವ ಸಮಿತಿಯ ಅಧ್ಯಕ್ಷರಾಗಿದ್ದವರು. ಅಂಥವರು ಆಧುನಿಕ ವೈದ್ಯಕೀಯವನ್ನು ವಿಜ್ಞಾನವೆಂದು ಒಪ್ಪುವುದಿಲ್ಲ, ಅದೊಂದು ಮತ ಎನ್ನುತ್ತಾರೆ. ವೈದ್ಯರು ಅಲ್ಲಿನ ಪುರೋಹಿತರು, ಆಸ್ಪತ್ರೆ ಗುಡಿ, ಅನಗತ್ಯ ಆಪರೇಷನ್ ಬಲಿ. ಹೋಲಿಕೆ ಮೊದಲ ಸಲ ಚುರುಕು ಮುಟ್ಟಿಸುತ್ತದೆ. ಅಧ್ಯಾಯದಿಂದ ಅಧ್ಯಾಯಕ್ಕೆ ಅದನ್ನೇ ಎಳೆದಾಗ ಬೇಸರ ಬರುತ್ತದೆ. ನಮ್ಮಲ್ಲಿ ಆಧುನಿಕ ವೈದ್ಯಕೀಯದ ಟೀಕಾಕಾರರಾದ ಡಾ. ಬಿ. ಎಂ. ಹೆಗ್ಡೆಯವರ ಭಾಷಣ ಕೇಳಿದವರಿಗೆ ಈ ಧಾಟಿ ತೀರ ಅಪರಿಚಿತವೇನಲ್ಲ.

ಸಿಟ್ಟಿಗೆ ಕಾರಣಗಳಿದ್ದವು. ಗರ್ಭ ನಿಲ್ಲಲೆಂದು ಬಸುರಿಯರಿಗೆ ಕೊಡುತ್ತಿದ್ದ ಡಿ.ಇ.ಎಸ್. ಎಂಬ ಕೃತಕ ಹಾರ್ಮೋನನ್ನೇ ನೋಡಿ. ಅದರಿಂದ ಪ್ರಯೋಜನವಿಲ್ಲವೆಂದು 1953ರಲ್ಲೇ ಷಿಕಾಗೊದ ಒಂದು ಅಧ್ಯಯನ ತೋರಿಸಿತ್ತು. ಅಂದರೆ ಮೆಂಡೆಲ್‌ಸನ್ ಅವರ ಊರಿನಲ್ಲೇ. ವೈದ್ಯರು ಬರೆದುಕೊಡುವುದನ್ನು ಮಾತ್ರ ಬಿಡಲಿಲ್ಲ. ಅದನ್ನು ನುಂಗಿದ ತಾಯಂದಿರ ಹೆಣ್ಣುಮಕ್ಕಳಲ್ಲಿ ಅಪರೂಪದ ಯೋನಿ ಕ್ಯಾನ್ಸರ್ ಕಾಣಿಸಿಕೊಂಡು, 1971ರಲ್ಲಿ ಸರ್ಕಾರಿ ಎಚ್ಚರಿಕೆ ಬರುವವರೆಗೂ ಅದು ನಡೆದೇ ಇತ್ತು.

ಟಾನ್ಸಿಲ್ ಕಥೆ ಇನ್ನೂ ಹಳೆಯದು, ನನ್ನನ್ನು ಇನ್ನೂ ಹೆಚ್ಚು ಕಾಡುವುದು. 1934ರಲ್ಲಿ ನ್ಯೂಯಾರ್ಕಿನಲ್ಲಿ ಹನ್ನೊಂದು ವರ್ಷದ ಸಾವಿರ ಶಾಲಾಮಕ್ಕಳ ಗಂಟಲು ನೋಡಿದರು. 611 ಮಕ್ಕಳ ಟಾನ್ಸಿಲ್ ಆಗಲೇ ಕತ್ತರಿಸಲಾಗಿತ್ತು. ಉಳಿದ 389 ಮಕ್ಕಳಲ್ಲಿ 174 ಮಂದಿಗೆ ಆಪರೇಷನ್ ಬೇಕೆಂದರು ವೈದ್ಯರು. ಬೇಡವೆನಿಸಿಕೊಂಡ 215 ಮಕ್ಕಳನ್ನು ಬೇರೆ ವೈದ್ಯರ ಮುಂದೆ ನಿಲ್ಲಿಸಿದರೆ, ಅವರಿಗೆ ಇನ್ನೂ 99 ಕೆಟ್ಟ ಗಂಟಲುಗಳು ಕಂಡವು. ಮಿಕ್ಕ 116 ಮಂದಿಯನ್ನು ಮೂರನೆಯ ಸಲ ತೋರಿಸಿದಾಗ 51. ಕೊನೆಗೆ ಯಾರೂ ಕೈಹಾಕಲು ಬಯಸದ ಗಂಟಲುಗಳು ಉಳಿದದ್ದು ಸಾವಿರಕ್ಕೆ 65. ಮಕ್ಕಳ ಗಂಟಲು ಹೇಗಿದೆ ಎಂಬುದಕ್ಕಿಂತ, ಎದುರು ಬಂದ ಗುಂಪಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಕತ್ತರಿ ಬೇಕೆಂಬ ವೈದ್ಯರ ರೂಢಿಯೇ ಇಲ್ಲಿ ತೀರ್ಪು ಕೊಟ್ಟಿತ್ತು.

ಹೀಗೆ ಕೈಯಲ್ಲಿ ಬೇಕಾದಷ್ಟು ಸರಕಿದ್ದೂ ಮೆಂಡೆಲ್‌ಸನ್ ಎಡವುವುದು ವಿಪರೀತಕ್ಕೆ ಹೋಗಿ. ಆಧುನಿಕ ವೈದ್ಯಕೀಯದ ತೊಂಬತ್ತು ಪಾಲಿಗೂ ಹೆಚ್ಚು ಮಾಯವಾದರೆ ಜನ ಇನ್ನಷ್ಟು ಆರೋಗ್ಯವಾಗಿರುತ್ತಾರೆ ಎನ್ನುತ್ತಾರೆ. ಇದಕ್ಕೆ ಅವರು ಒದಗಿಸುವ ಸಾಕ್ಷಿಗಳಲ್ಲಿ ವೈದ್ಯರ ಮುಷ್ಕರಗಳೂ ಸೇರಿವೆ: 1976ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ, ಅದೇ ವರ್ಷ ಲಾಸ್ ಏಂಜಲೀಸಿನಲ್ಲಿ ವೈದ್ಯರು ಕೆಲಸ ನಿಲ್ಲಿಸಿದಾಗ ಸಾವಿನ ಪ್ರಮಾಣ ಇಳಿಯಿತು. ಓದಿದವರು ಮರೆಯಲಾರದ ಮಾತು. ಆದರೆ ಬೊಗೊಟಾದಲ್ಲಿ ತುರ್ತು ಚಿಕಿತ್ಸೆ ನಡೆದೇ ಇತ್ತು. ಲಾಸ್ ಏಂಜಲೀಸಿನಲ್ಲಿ ಮುಖ್ಯವಾಗಿ ನಿಂತದ್ದು ಮುಂದೂಡಬಹುದಾದ ಆಪರೇಷನ್‌ಗಳು. ಹಾಗಾಗಿ ಈ ಅಂಕಿಗಳಿಂದ ಹೆಚ್ಚೆಂದರೆ ‘ತುರ್ತಿಲ್ಲದ ಆಪರೇಷನ್ನಿಗೂ ಜೀವಾಪಾಯವಿದೆ, ಯೋಚಿಸಿ’ ಎನ್ನಬಹುದು. ಅಪೆಂಡಿಕ್ಸ್ ಒಡೆದವರು ಮನೆಯಲ್ಲೇ ಇರಲಿ ಎನ್ನಲು ಬರುವುದಿಲ್ಲ. ವೈದ್ಯರ ಅಂಕಿಗಳನ್ನು ಹಿಂಡಿ ನೋಡುವ ಮನುಷ್ಯ ತನ್ನ ಅಂಕಿಗಳಿಗೆ ಬಂದಾಗ ಕಣ್ಣು ಮುಚ್ಚುತ್ತಾರೆ.

ಈ ಪುಸ್ತಕದ ಜೊತೆಗೆ ರೋಸ್ ಕುಶ್ನರ್ ಅವರ ಹೋರಾಟವನ್ನು ಇಟ್ಟು ನೋಡಬೇಕು. ಅವರು ವೈದ್ಯರಲ್ಲ, ವಾಷಿಂಗ್ಟನ್ ಬಳಿ ನೆಲೆಸಿದ್ದ ಪತ್ರಕರ್ತೆ. 1974ರಲ್ಲಿ ಅವರ ಸ್ತನದಲ್ಲಿ ಗಂಟು ಸಿಕ್ಕಿತು. ಆಗಿನ ಪದ್ಧತಿ ಹೀಗಿತ್ತು: ಅರಿವಳಿಕೆಗೆ ಮೊದಲೇ ಒಪ್ಪಿಗೆ ಪತ್ರಕ್ಕೆ ಸಹಿ, ಮೇಜಿನ ಮೇಲೆ ಮಲಗಿದ್ದಾಗಲೇ ಗಂಟಿನ ಚೂರು ತೆಗೆದು ಪರೀಕ್ಷೆ, ಕ್ಯಾನ್ಸರ್ ಎಂದರೆ ಅಲ್ಲೇ ಸ್ತನವನ್ನು, ಬಹಳ ಸಲ ಎದೆಯ ಸ್ನಾಯುಗಳ ಸಮೇತ, ತೆಗೆದುಬಿಡುವುದು. ಸ್ತನ ಉಳಿದಿದೆಯೋ ಇಲ್ಲವೋ ಎಂಬುದು ಹೆಂಗಸಿಗೆ ತಿಳಿಯುತ್ತಿದ್ದುದು ಎಚ್ಚರವಾದ ಮೇಲೆ, ಬ್ಯಾಂಡೇಜ್ ಮುಟ್ಟಿ ನೋಡಿಕೊಂಡಾಗ. ಕುಶ್ನರ್ ಲೈಬ್ರರಿಯಲ್ಲಿ ಕೂತು ಓದಿದರು. ಬಯಾಪ್ಸಿ ಒಂದು ದಿನ, ಮುಂದಿನದು ನನ್ನನ್ನು ಕೇಳಿ ಇನ್ನೊಂದು ದಿನ ಎಂದು ಹಟ ಹಿಡಿದರು. ಒಪ್ಪುವ ಸರ್ಜನ್ ಸಿಗುವವರೆಗೆ ಒಬ್ಬೊಬ್ಬರಿಗೇ ಫೋನು ಮಾಡಿದರು. ಆ ಸೆಪ್ಟೆಂಬರಿನಲ್ಲಿ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ಅವರಿಗೂ ಇದೇ ಆಪರೇಷನ್ ಎಂದು ತಿಳಿದು ಶ್ವೇತಭವನಕ್ಕೂ ಫೋನು ಹಚ್ಚಿದರು. ಅಧ್ಯಕ್ಷರು ನಿರ್ಧಾರ ಮಾಡಿಯಾಗಿದೆ ಎಂಬ ಉತ್ತರ ಬಂತು. ಹೆಂಡತಿಯ ದೇಹ, ಗಂಡನ ನಿರ್ಧಾರ!

ಕುಶ್ನರ್ ಕ್ಯಾನ್ಸರ್ ಚಿಕಿತ್ಸೆಯೇ ಸುಳ್ಳು ಎನ್ನಲಿಲ್ಲ. ತಾವೂ ಆಪರೇಷನ್ ಮಾಡಿಸಿಕೊಂಡರು. ಅವರು ಕೇಳಿದ್ದು ಎರಡೇ: ಇಷ್ಟು ಆತುರವೇಕೆ? ಇಷ್ಟನ್ನೆಲ್ಲ ಕತ್ತರಿಸುವುದೇಕೆ? ಎರಡಕ್ಕೂ ಉತ್ತರ ಹುಡುಕಬಹುದಿತ್ತು. 1979ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ಸಮಿತಿ ಬಯಾಪ್ಸಿಯನ್ನೂ ಆಪರೇಷನ್ನನ್ನೂ ಬೇರೆ ಮಾಡಬೇಕೆಂದಿತು. ಆ ಸಮಿತಿಯಲ್ಲಿ ಕುಶ್ನರ್ ಕೂಡ ಇದ್ದರು. ಎರಡನೆಯ ಪ್ರಶ್ನೆಗೆ ಉತ್ತರ ಸರ್ಜನ್ ಬರ್ನಾರ್ಡ್ ಫಿಶರ್ ಅವರ ಪ್ರಯೋಗಗಳಿಂದ ಬಂತು: ಗಂಟನ್ನಷ್ಟೇ ತೆಗೆದು ವಿಕಿರಣ ಕೊಟ್ಟರೂ ಬದುಕುಳಿಯುವವರ ಸಂಖ್ಯೆ ಕಡಿಮೆಯಾಗದು ಎಂದು 1985ರಲ್ಲಿ ಪ್ರಕಟವಾಯಿತು. ವೈದ್ಯಕೀಯವನ್ನು ತಿದ್ದಿದ್ದು ವೈದ್ಯಕೀಯದ್ದೇ ಪ್ರಯೋಗ. ಮತವೆಂದು ಕರೆಸಿಕೊಂಡದ್ದು ಹೀಗೆ ತನ್ನ ಆಚಾರವನ್ನು ತಾನೇ ಅಳೆದು ಬಿಟ್ಟುಬಿಡುವ ಬಗೆಗೆ ಮೆಂಡೆಲ್‌ಸನ್ ಪುಸ್ತಕದಲ್ಲಿ ಜಾಗವೇ ಇಲ್ಲ. ಯಾವ ಉತ್ತರ ಸಿಕ್ಕರೆ ತನ್ನ ಸಂಶಯ ತೀರುತ್ತದೆಂದು ಅವರು ಎಲ್ಲೂ ಹೇಳುವುದಿಲ್ಲ.

ಔಷಧದ ಅಡ್ಡಪರಿಣಾಮಗಳನ್ನು ವೈದ್ಯರು ಓದುವ ಪುಸ್ತಕದಲ್ಲೇ ರೋಗಿಯೂ ಓದಿಕೊಳ್ಳಲಿ ಎಂಬ ಅವರ ಸಲಹೆ ಆ ಕಾಲಕ್ಕೆ ಧೈರ್ಯದ್ದು. ಅದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಆದರೆ ಲಸಿಕೆಗಳ ವಿಚಾರಕ್ಕೆ ಬಂದಾಗ ಅದೇ ಮನುಷ್ಯ ಮೈಮರೆತು ವಾದಿಸುತ್ತಾರೆ. ಮಕ್ಕಳ ಪಾಲನೆಯ ಬಗ್ಗೆ 1984ರಲ್ಲಿ ಬರೆದ ಪುಸ್ತಕದಲ್ಲಿ ದಡಾರದ ಲಸಿಕೆಯನ್ನೂ ಬಿಡಲಿಲ್ಲ. 1988ರಲ್ಲಿ ಅವರು ತೀರಿಕೊಂಡರು. ಮರುವರ್ಷದಿಂದ 1991ರವರೆಗೆ ಅಮೆರಿಕದಲ್ಲಿ ದಡಾರ ಮತ್ತೆ ಎದ್ದು, ಐವತ್ತೈದು ಸಾವಿರಕ್ಕೂ ಹೆಚ್ಚು ಜನರಿಗೆ ಬಂದು, ನೂರಿಪ್ಪತ್ತಕ್ಕೂ ಹೆಚ್ಚು ಜೀವ ತೆಗೆಯಿತು. ಇದನ್ನು ಅವರ ಪುಸ್ತಕದ ತಲೆಗೆ ಕಟ್ಟುವುದು ಅನ್ಯಾಯ. ಹೆಚ್ಚಾಗಿ ಹೊಡೆತ ತಿಂದವರು ಷಿಕಾಗೊದಂಥ ನಗರಗಳ ಬಡಕೇರಿಗಳ ಪುಟ್ಟ ಮಕ್ಕಳು. ಅವರ ಅಪ್ಪ ಅಮ್ಮಂದಿರು ಪುಸ್ತಕ ಓದಿ ಲಸಿಕೆ ಬೇಡವೆಂದವರಲ್ಲ. ಅವರ ಮನೆಗೆ ಲಸಿಕೆ ಸಕಾಲಕ್ಕೆ ತಲುಪಿರಲೇ ಇಲ್ಲ. ಬಡಮಕ್ಕಳಿಗಾಗಿ ಇದ್ದ ಹೆಡ್ ಸ್ಟಾರ್ಟ್ ಯೋಜನೆಯ ವೈದ್ಯಕೀಯ ಸಲಹಾ ವಿಭಾಗವನ್ನು ಒಂದು ಕಾಲಕ್ಕೆ ನಡೆಸಿದವರು ಇದೇ ಮೆಂಡೆಲ್‌ಸನ್. ವೈದ್ಯಕೀಯ ಹೆಚ್ಚಾಗಿ ನರಳುವವರ ಪರವಾಗಿ ಇಷ್ಟು ಬರೆದವರಿಗೆ, ಅದು ಸಿಗದೆ ನರಳುವ ಆ ಮಕ್ಕಳು ಹೇಗೆ ಕಾಣಿಸಲಿಲ್ಲವೋ.