ಗುಂಡಿ ಒತ್ತಿದರೆ ಖಗೋಳವಿಜ್ಞಾನವೇ?

ಚಿಂತಾಮಣಿ, ಶಿಡ್ಲಘಟ್ಟಗಳಿಂದ ಬೆಂಗಳೂರಿಗೆ ಹೋಗುವಾಗ ನೀವು ಹೊಸಕೋಟೆಯನ್ನು ಹಾದಿರಬಹುದು. ಆ ಊರಿನ ಶಿಡ್ಲಘಟ್ಟ ರಸ್ತೆಯಲ್ಲಿ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಕೇಂದ್ರವೊಂದಿದೆ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ಇಲ್ಲಿಂದಲೇ ನಡೆಸುತ್ತಾರೆ.

ಇದು ದೂರನಿಯಂತ್ರಿತ ದೂರದರ್ಶಕ, ರೋಬಾಟ್ ಅಲ್ಲ. ಯಾವುದನ್ನು, ಯಾವಾಗ ನೋಡಬೇಕೆಂದು ಇಲ್ಲಿ ಮನುಷ್ಯರೇ ನಿರ್ಧರಿಸುತ್ತಾರೆ. ಹಾನ್ಲೆಯಲ್ಲೇ 2018ರಲ್ಲಿ ಕೆಲಸ ಆರಂಭಿಸಿದ 0.7 ಮೀಟರಿನ ‘ಗ್ರೋತ್–ಇಂಡಿಯಾ’ ಮಾತ್ರ ಗಣಕದ ಆದೇಶದಂತೆ ತಾನೇ ತಿರುಗಿ ಆಕಾಶವನ್ನು ಗಮನಿಸಬಲ್ಲದು. ಸೂಪರ್‌ನೋವಾಗಳಂಥ ಅನಿರೀಕ್ಷಿತ ಘಟನೆಗಳ ಬೆನ್ನುಹತ್ತಲು ಇಂಥ ವೇಗ ಬೇಕೇ ಬೇಕು. ಸಂಶೋಧನೆಯಲ್ಲಿ ರೋಬಾಟಿನ ಉಪಯೋಗದ ಬಗ್ಗೆ ತಕರಾರಿಲ್ಲ.

ತಕರಾರು ಶಿಕ್ಷಣದ್ದು. ಹವಾಯಿಯಲ್ಲಿರುವ 2 ಮೀಟರಿನ ಫೋಕ್ಸ್ ರೋಬಾಟ್ ದೂರದರ್ಶಕವನ್ನು ಕಟ್ಟಿದ್ದೇ ಮುಖ್ಯವಾಗಿ ವಿದ್ಯಾರ್ಥಿಗಳಿಗಾಗಿ. ಚಿಕ್ಕಬಳ್ಳಾಪುರದಲ್ಲಿ ಬೆಳಗ್ಗೆ 11.30 ಆದಾಗ ಅಲ್ಲಿ ಹಿಂದಿನ ದಿನದ ರಾತ್ರಿ 8 ಗಂಟೆ. ಅಂಥದೊಂದರಲ್ಲಿ ಸಮಯ ದೊರೆತರೆ ತರಗತಿಯ ಹೊತ್ತಿನಲ್ಲೇ ನಕ್ಷತ್ರ ನೋಡಬಹುದು! ಆದರೆ ನೀಹಾರಿಕೆಯ ಬಣ್ಣದ ಚಿತ್ರ ಪರದೆಗೆ ಬಂದು, ಮಕ್ಕಳು ಚಪ್ಪಾಳೆ ತಟ್ಟಿ, ಅಲ್ಲಿಗೆ ಪಾಠ ಮುಗಿದರೆ ಅವರು ಕಲಿತದ್ದೇನು? ಅಂಥ ಚಿತ್ರ ಪುಸ್ತಕದಲ್ಲೂ ಸಿಗುತ್ತದೆ. ನೋಡಿದ್ದು ಯಂತ್ರ, ವಿದ್ಯಾರ್ಥಿಯಲ್ಲ.

ಗೌರಿಬಿದನೂರಿನ ಉದಾಹರಣೆ ಗಮನಿಸಿ. 1976ರಲ್ಲಿ ಆರಂಭವಾದ ಅಲ್ಲಿನ ರೇಡಿಯೊ ವೀಕ್ಷಣಾಲಯದ ಮೊದಲ ದೂರದರ್ಶಕದಲ್ಲಿ ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ನೆಟ್ಟ 1,000 ಡೈಪೋಲ್ ಆಂಟೆನಾಗಳಿದ್ದವು. ಯಾವ ಆಂಟೆನಾವನ್ನೂ ಅಲುಗಿಸದೆ, ಅವುಗಳಿಂದ ಬರುವ ಸಂಕೇತಗಳ ಪ್ರಾವಸ್ಥೆಯನ್ನು ಬದಲಿಸಿಯೇ ಅದರ ನೋಟವನ್ನು ಉತ್ತರಕ್ಕೋ ದಕ್ಷಿಣಕ್ಕೋ ಹೊರಳಿಸುತ್ತಿದ್ದರು. ಅದು ಕೊಟ್ಟದ್ದು ಚಿತ್ರಗಳನ್ನಲ್ಲ, ಅಂಕಿಗಳನ್ನು. ಆ ಅಂಕಿಗಳಿಂದ 34.5 ಮೆಗಾಹರ್ಟ್ಸ್ ಆವೃತ್ತಿಯ ಆಕಾಶನಕ್ಷೆಯನ್ನು ರೂಪಿಸಿ 1990ರಲ್ಲಿ ಪ್ರಕಟಿಸಿದ್ದು ಲೆಕ್ಕಕ್ಕೆ ಕುಳಿತ ವಿಜ್ಞಾನಿಗಳು.

ಆದ್ದರಿಂದ ಶಿಕ್ಷಕರೇ, ಅಳತೆಯಿಂದ ಆರಂಭಿಸಿ. ಚಳಿಗಾಲದ ಸಂಜೆಗಳಲ್ಲಿ ಪರ್ಸಿಯಸ್ ಪುಂಜದ ಅಲ್ಗಾಲ್ ನಕ್ಷತ್ರವನ್ನು ಬರಿಗಣ್ಣಿನಿಂದಲೇ ನೆರೆಯ ನಕ್ಷತ್ರಗಳಿಗೆ ಹೋಲಿಸಿ, ಅದರ ಕಾಂತಿಯನ್ನು ಬರೆದಿಡಲು ಹೇಳಿ. ಅದರ ಮಂಕಾದ ಜೊತೆಗಾರ 2.87 ದಿನಗಳಿಗೊಮ್ಮೆ ಅಡ್ಡ ಬಂದಾಗ ಕಾಂತಿಮಾನ 2.1ರಿಂದ 3.4ಕ್ಕೆ ಇಳಿಯುತ್ತದೆ (ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು). ಇಬ್ಬರ ಅಂಕಿಗಳು ತಾಳೆಯಾಗುವುದಿಲ್ಲ. ಏಕೆಂಬ ಚರ್ಚೆಯೇ ಮೊದಲ ಪಾಠ.

ಅನಂತರ, ಕಣ್ಣಿಗೆ ನಿಲುಕದ ಚರನಕ್ಷತ್ರವೊಂದಕ್ಕಾಗಿ ರೋಬಾಟನ್ನು ಕೇಳಲಿ; ಬಣ್ಣದ ಚಿತ್ರದ ಬದಲು ಅಳೆಯಬಹುದಾದ ಮೂಲ ದತ್ತಾಂಶ ಪಡೆಯಲಿ. ಪ್ರಶ್ನೆ ವಿದ್ಯಾರ್ಥಿಗಳದೇ ಆಗಿದ್ದರೆ, ದತ್ತಾಂಶ ಹವಾಯಿಯಿಂದ ಬಂದರೂ ಅದು ಶಿಡ್ಲಘಟ್ಟದ ಸಂಶೋಧನೆಯೇ.