ಉಕ್ಕಿನ ಗುಂಡಿನ ಕಾವಲು

ಅಮೆರಿಕದ ಹಳೆಯ ಫೋರ್ಡ್ ಎಫ್-150 ಪಿಕಪ್ ಟ್ರಕ್ಕುಗಳಲ್ಲಿ, ಅದರಲ್ಲೂ 1980ರ ದಶಕದ ಕೊನೆಯ ಹಾಗೂ 1990ರ ದಶಕದ ಫ್ಯುಯಲ್ ಇಂಜೆಕ್ಷನ್ ಗಾಡಿಗಳಲ್ಲಿ, ಎಂಜಿನ್ನಿಗೆ ಪೆಟ್ರೋಲ್ ತಳ್ಳುವುದು ವಿದ್ಯುತ್ ಪಂಪು. ಅಪಘಾತದಲ್ಲಿ ಪೈಪು ಒಡೆದ ಮೇಲೂ ಪಂಪು ಓಡುತ್ತಿದ್ದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯ. ಅದನ್ನು ತಡೆಯಲು ಎರಡು ಕಾವಲುಗಳಿವೆ.

ಮೊದಲನೆಯದು ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನದು. ಕೀ ತಿರುಗಿಸಿದಾಗ ಅದು ರಿಲೇ ಮೂಲಕ ಪಂಪನ್ನು ಸುಮಾರು ಒಂದು ಸೆಕೆಂಡು ಮಾತ್ರ ಓಡಿಸುತ್ತದೆ. ಎಂಜಿನ್ ತಿರುಗುತ್ತಿದೆ ಎಂಬ ಸಂಕೇತ ಬಂದರಷ್ಟೇ ಪಂಪು ಮುಂದೆ ಓಡುತ್ತದೆ, ಇಲ್ಲವಾದರೆ ಬಂದ್.

ಎರಡನೆಯದು ನನಗೆ ಅಚ್ಚುಮೆಚ್ಚು: ಇನರ್ಷಿಯಾ ಸ್ವಿಚ್. ಅದರೊಳಗೆ ಆಯಸ್ಕಾಂತ ಹಿಡಿದಿಟ್ಟ ಒಂದು ಉಕ್ಕಿನ ಗುಂಡು. ರಸ್ತೆಯ ಸಾಮಾನ್ಯ ಕುಲುಕಾಟಕ್ಕೆ ಅದು ಜಗ್ಗುವುದಿಲ್ಲ. ಜೋರಾಗಿ ಡಿಕ್ಕಿಯಾದರೆ ಮಾತ್ರ ಹಿಡಿತದಿಂದ ಬಿಡಿಸಿಕೊಂಡು ಮೇಲಿನ ತಗಡಿಗೆ ಬಡಿಯುತ್ತದೆ. ಸಂಪರ್ಕ ಕಡಿದು ಪಂಪು ನಿಲ್ಲುತ್ತದೆ. ಇಲ್ಲಿ ಲೆಕ್ಕ ಹಾಕುವ ಚಿಪ್ ಇಲ್ಲ, ಸಾಫ್ಟ್‌ವೇರ್ ಇಲ್ಲ; ಜಡತ್ವದ ನಿಯಮವೇ ಕೆಲಸ ಮಾಡುತ್ತದೆ. ಮತ್ತೆ ಪಂಪು ಓಡಬೇಕಾದರೆ ಮನುಷ್ಯನೇ ಬಂದು ಸ್ವಿಚ್ಚಿನ ಬಟನ್ ಒತ್ತಬೇಕು. ಇಷ್ಟು ಸರಳವಾಗಿ ಜೀವ ಕಾಯುವುದು ದೊಡ್ಡ ಎಂಜಿನಿಯರಿಂಗ್.

ಇಂಥ ಗಾಡಿ ನಿಮ್ಮ ಕೈಗೆ ಬಂದರೆ ಈ ಸ್ವಿಚ್ಚನ್ನು ವೈರ್ ಹಾಕಿ ಬೈಪಾಸ್ ಮಾಡಬೇಡಿ. ಪೆಟ್ರೋಲ್ ಎಲ್ಲೂ ಸೋರುತ್ತಿಲ್ಲವೆಂದು ನೋಡಿಕೊಂಡೇ ಬಟನ್ ಒತ್ತಿ.