ಸೌರಿಯ ಮೆಕ್ಕೆಜೋಳ: ಮೊದಲ ಫಸಲಿನ ಲೆಕ್ಕ

ಪಶ್ಚಿಮ ಕೆನ್ಯಾದಲ್ಲಿ, ವಿಕ್ಟೋರಿಯಾ ಸರೋವರದಿಂದ ಹೆಚ್ಚು ದೂರವಿಲ್ಲದ ಸೌರಿಯಲ್ಲಿ 2005ರ ಮಳೆಗಾಲದ ಮೆಕ್ಕೆಜೋಳದ ಇಳುವರಿ ಹೆಕ್ಟೇರಿಗೆ 1.9 ಟನ್ನಿನಿಂದ 5 ಟನ್ನಿಗೆ ಏರಿತು. ನಮ್ಮ ರೈತರ ಲೆಕ್ಕದಲ್ಲಿ ಹೇಳುವುದಾದರೆ, ಎಕರೆಗೆ ಏಳೆಂಟು ಕ್ವಿಂಟಲ್ ಬರುತ್ತಿದ್ದ ಕಡೆ ಇಪ್ಪತ್ತು ಕ್ವಿಂಟಲ್. ಸಾರಜನಕ ಬರಿದಾಗಿದ್ದ ಮಣ್ಣಿಗೆ ರಸಗೊಬ್ಬರ ಸಿಕ್ಕಿತು, ಹೈಬ್ರಿಡ್ ಬೀಜ ಸಿಕ್ಕಿತು. ರೈತರು ಫಸಲಿನ ಒಂದು ಪಾಲನ್ನು ಶಾಲಾ ಮಕ್ಕಳ ಮಧ್ಯಾಹ್ನದ ಊಟಕ್ಕೆ ಕೊಟ್ಟರು. ಹಿಂದಿನ ಕಾಳು ತೀರಿ ಹೊಸ ಕಾಳು ಕೈಗೆ ಬರುವವರೆಗೆ ಅರೆಹೊಟ್ಟೆಯಲ್ಲಿ ಇರುತ್ತಿದ್ದ ಮನೆಗಳಿಗೆ ಇದು ಸಣ್ಣ ಸಂಗತಿಯಲ್ಲ. ಅರ್ಥಶಾಸ್ತ್ರಜ್ಞ ಜೆಫ್ರಿ ಸ್ಯಾಕ್ಸ್ ಮುಂದಾಳತ್ವದ ಮಿಲೆನಿಯಂ ಗ್ರಾಮ ಯೋಜನೆ ಮೊದಲು ಕಾಲಿಟ್ಟದ್ದು ಇಲ್ಲಿಗೆ. ಆಮೇಲೆ ಅದು ಆಫ್ರಿಕಾದ ಹತ್ತು ದೇಶಗಳಿಗೆ ಹಬ್ಬಿ 2015ರವರೆಗೆ ನಡೆಯಿತು.

ಫಸಲು ಬಂದದ್ದು ನಿಜ. ಆ ಫಸಲಿನಿಂದ ಏನು ಸಾಬೀತಾಯಿತು ಎನ್ನುವುದು ಬೇರೆ ಪ್ರಶ್ನೆ. ಸಣ್ಣ ರೈತರಿಗೆ ಕೊಡುವ ನೆರವಿನ ಆರಂಭದ ಫಲಿತಾಂಶಗಳನ್ನು ಅಳೆಯುವ ರೂಢಿ ಎಡವುವುದು ಈ ಎರಡನ್ನೂ ಒಂದೇ ಎಂದುಕೊಂಡಾಗ.

2010ರಲ್ಲಿ ಯೋಜನೆ ತನ್ನ ಮೊದಲ ಮೂರು ವರ್ಷಗಳ ವರದಿ ಹೊರತಂದಿತು. ಹಿಂದೆ ಹೀಗಿತ್ತು, ಈಗ ಹೀಗಿದೆ ಎಂಬುದೇ ಅದರ ಅಳತೆಗೋಲು. ಅದೇ ವರ್ಷ ಮೈಕೆಲ್ ಕ್ಲೆಮೆನ್ಸ್ ಮತ್ತು ಗೇಬ್ರಿಯೆಲ್ ಡೆಮೊಂಬಿನ್ಸ್ ಎಂಬ ಅರ್ಥಶಾಸ್ತ್ರಜ್ಞರು ಕೆನ್ಯಾ, ಘಾನಾ, ನೈಜೀರಿಯಾಗಳ ಅಂಕಿಗಳನ್ನು ಸುತ್ತಲಿನ ಪ್ರದೇಶಗಳ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದರು. ಸೌರಿಯಲ್ಲಿ ಮೊಬೈಲ್ ಇರುವ ಮನೆಗಳ ಪಾಲು ನಾಲ್ಕು ಪಟ್ಟಾಗಿತ್ತು, ಸರಿ. ಆದರೆ ಆ ವರ್ಷಗಳಲ್ಲಿ ಕೆನ್ಯಾದ ಹಳ್ಳಿಗಾಡಿನಲ್ಲೆಲ್ಲ ಮೊಬೈಲ್ ಏರುಮುಖದಲ್ಲೇ ಇತ್ತು. ಇಡೀ ಸೀಮೆ ಮೇಲೇಳುತ್ತಿದ್ದಾಗ ಒಂದು ಊರಿನ ಏರಿಕೆಯನ್ನಷ್ಟೇ ಅಳೆದರೆ ಬಂದ ಅಂಕಿಯಲ್ಲಿ ಯೋಜನೆಯ ಪಾಲೆಷ್ಟು, ಕಾಲದ ಪಾಲೆಷ್ಟು ಎಂದು ಬಿಡಿಸಲಾಗದು. ಹೋಲಿಕೆಗೆಂದು ಯೋಜನೆಯವರು ಬೇರೆ ಹಳ್ಳಿಗಳನ್ನು ಆರಿಸಿದ್ದರೇನೋ ಹೌದು, ಆದರೆ ಕೆಲಸ ಶುರುವಾಗಿ ವರ್ಷಗಳು ಕಳೆದ ಮೇಲೆ. ಆ ಹಳ್ಳಿಗಳು ಮೊದಲು ಹೇಗಿದ್ದವು ಎಂಬ ದಾಖಲೆಯೇ ಇರಲಿಲ್ಲ. ಈ ಲೋಪಕ್ಕೆ ಆಮೇಲೆ ಮದ್ದಿಲ್ಲ. ಕಳೆದುಹೋದ ವರ್ಷದ ಸಮೀಕ್ಷೆಯನ್ನು ಯಾರೂ ಈಗ ಮಾಡಲಾರರು. 2012ರಲ್ಲಿ ಮಕ್ಕಳ ಸಾವಿನ ಪ್ರಮಾಣ ಯೋಜನೆಯ ಹಳ್ಳಿಗಳಲ್ಲಿ ಮೂರು ಪಟ್ಟು ವೇಗವಾಗಿ ಇಳಿಯುತ್ತಿದೆ ಎಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಮಾತನ್ನೂ ಲೆಕ್ಕ ತಪ್ಪಿದೆ ಎಂದು ಲೇಖಕರೇ ಹಿಂತೆಗೆದುಕೊಳ್ಳಬೇಕಾಯಿತು.

ಇಳುವರಿಯನ್ನಾದರೂ ನಂಬಬಹುದಲ್ಲ ಎನ್ನುವವರು ಬೆಳೆ ಕಟಾವು ಪ್ರಯೋಗ ನಡೆಯುವ ಹೊಲದ ಬದುವಿನ ಮೇಲೆ ಒಮ್ಮೆ ನಿಲ್ಲಬೇಕು. ಹೊಲದಲ್ಲಿ ಎಲ್ಲೋ ಒಂದು ಕಡೆ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕ ಗುರುತಿಸಿ ಗೂಟ ನೆಟ್ಟು ಹಗ್ಗ ಕಟ್ಟುತ್ತಾರೆ. ಒಳಗಿನದನ್ನು ಕೊಯ್ದು, ಕಾಳು ಬಿಡಿಸಿ, ತೂಗಿ, ಒಣಗಿದ ಮೇಲೆ ಮತ್ತೆ ತೂಗುತ್ತಾರೆ. ಚೌಕವನ್ನು ಚೀಟಿ ಎತ್ತಿದ ಹಾಗೆ ಗೊತ್ತುಗುರಿಯಿಲ್ಲದೆ ಆರಿಸಿದರೆ ಹೊಲದ ನಿಜ ಬರುತ್ತದೆ. ಕಣ್ಣಿಗೆ ಹಸಿರಾಗಿ ಕಂಡ ಕಡೆ ಗೂಟ ನೆಟ್ಟರೆ ಆ ಹಸಿರಿನ ನಿಜವಷ್ಟೇ. ಹಸಿ ತೆನೆಯ ತೂಕವನ್ನೇ ಬರೆದುಕೊಂಡರೆ ನೀರೂ ಇಳುವರಿಗೆ ಸೇರಿಕೊಳ್ಳುತ್ತದೆ. ಇಷ್ಟೆಲ್ಲ ಬೇಡವೆಂದು ರೈತರನ್ನೇ ಕೇಳಿದರೆ ಇನ್ನೊಂದು ತೊಡಕು. ಉಗಾಂಡಾದಲ್ಲಿ ರೈತರು ಬಾಯಲ್ಲಿ ಹೇಳಿದ ಮೆಕ್ಕೆಜೋಳವನ್ನೂ ಕಟಾವು ಮಾಡಿ ತೂಗಿದ್ದನ್ನೂ ಹೋಲಿಸಿದ ಅಧ್ಯಯನದಲ್ಲಿ, ತುಂಡು ಚಿಕ್ಕದಾದಷ್ಟೂ ಹೇಳಿಕೆ ಉಬ್ಬಿರುವುದು ಕಂಡುಬಂತು. ನೆರವು ಹೋಗುವುದು ಚಿಕ್ಕ ತುಂಡಿನವರಿಗೇ. ಅಳತೆ ಹೆಚ್ಚು ತಪ್ಪುವುದೂ ಅಲ್ಲೇ.

ಹೋಲಿಕೆಯನ್ನು ಇದಕ್ಕಿಂತ ಚೆನ್ನಾಗಿ ಮಾಡಿದ ಉದಾಹರಣೆ ನಮ್ಮಲ್ಲೇ ಇದೆ: ಭೂಚೇತನ. 2009ರಲ್ಲಿ ಕರ್ನಾಟಕ ಸರ್ಕಾರ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆ ಸೇರಿ ಶುರುಮಾಡಿದ ಈ ಕಾರ್ಯಕ್ರಮದಲ್ಲಿ ಮಣ್ಣು ಪರೀಕ್ಷೆ ಮಾಡಿ ಸತು, ಬೋರಾನ್, ಜಿಪ್ಸಂ ಕೊಟ್ಟರು. ಹೀಗೆ ಪೋಷಕಾಂಶ ಹಾಕಿದ ಬೆಳೆಯನ್ನು ರೈತರ ರೂಢಿಯ ಬೆಳೆಯ ಜೊತೆ ಕಟಾವು ಮಾಡಿ ಹೋಲಿಸಿದರು. ಒಂದೇ ಹಂಗಾಮು, ಅದೇ ಸೀಮೆಯ ಮಳೆ. ನಿನ್ನೆ–ಇಂದಿನ ಹೋಲಿಕೆಗಿಂತ ಇದು ಎಷ್ಟೋ ಮೇಲು, ಮೆಚ್ಚಲೇಬೇಕು. ಆದರೂ ಅದು ಹೊಲದ ಲೆಕ್ಕ, ಮನೆಯ ಲೆಕ್ಕವಲ್ಲ.

ಸೌರಿಯಲ್ಲಿ ಮನೆಯ ಲೆಕ್ಕ ತೆಗೆದವರು ವಂಜಾಲಾ ಮತ್ತು ಮುರಾಡಿಯನ್ ಎಂಬ ಸಂಶೋಧಕರು. 2013ರಲ್ಲಿ ಪ್ರಕಟವಾದ ಅವರ ಅಧ್ಯಯನ ನನ್ನ ಮಟ್ಟಿಗೆ ಈ ಇಡೀ ಚರ್ಚೆಯಲ್ಲೇ ಹೆಚ್ಚು ಕೆಲಸಕ್ಕೆ ಬರುವ ಬರಹ. ಯೋಜನೆಗೆ ಸೇರಿದ ಮನೆಗಳ ಕೃಷಿ ಉತ್ಪಾದಕತೆ ಶೇ. 70ರಷ್ಟು ಹೆಚ್ಚಿತ್ತು, ಮನೆಯ ಒಟ್ಟು ಆದಾಯದಲ್ಲಿ ಮಾತ್ರ ಎದ್ದುಕಾಣುವ ವ್ಯತ್ಯಾಸ ಇರಲಿಲ್ಲ. ಬೀಜ, ಗೊಬ್ಬರ ಬಂದದ್ದು ಮೆಕ್ಕೆಜೋಳಕ್ಕೆ. ಜನ ಅದರತ್ತ ವಾಲಿದರು, ದುಡಿಮೆಯ ಬೇರೆ ದಾರಿಗಳು ಕಿರಿದಾದವು, ಬೆಳೆದದ್ದರಲ್ಲಿ ಹೆಚ್ಚು ಭಾಗ ಮನೆಯ ಊಟಕ್ಕೇ ಹೋಯಿತು. ಹೊಟ್ಟೆ ತುಂಬಿದ್ದು ದೊಡ್ಡ ಲಾಭ, ಅದನ್ನು ಕೀಳಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೆ ಯೋಜನೆ ಕೊಟ್ಟಿದ್ದ ಮಾತು ಬಡತನದಿಂದ ಹೊರಬರುವ ದಾರಿಯದು. ಮುಂದಿನ ವರ್ಷದ ಗೊಬ್ಬರವನ್ನು ರೈತ ಸ್ವಂತ ದುಡ್ಡಿನಲ್ಲಿ ಕೊಳ್ಳುವಂತಾಗಬೇಕಿತ್ತು. ಹೊಲದಲ್ಲಿ ಮಾತ್ರ ಅಳೆದವರಿಗೆ ಈ ತಿರುವು ಕಾಣುವುದೇ ಇಲ್ಲ.

ಇದು ಸೌರಿಯೊಂದರ ಕಥೆಯಲ್ಲ. ಅಮೆರಿಕ ಸರ್ಕಾರದ ನೆರವು ಸಂಸ್ಥೆ ಮಿಲೆನಿಯಂ ಚಾಲೆಂಜ್ ಕಾರ್ಪೊರೇಷನ್ ಅರ್ಮೇನಿಯಾ, ಎಲ್ ಸಾಲ್ವಡೋರ್, ಘಾನಾ, ಹೊಂಡುರಾಸ್, ನಿಕರಾಗುವಗಳಲ್ಲಿ ನಡೆಸಿದ ರೈತ ತರಬೇತಿಯ ಮೌಲ್ಯಮಾಪನಗಳನ್ನು 2012ರಲ್ಲಿ ಬಹಿರಂಗಪಡಿಸಿತು. ತರಬೇತಿ ಪಡೆದವರ ಸಂಖ್ಯೆಯ ಗುರಿಗಳು ಬಹುಮಟ್ಟಿಗೆ ಈಡೇರಿದ್ದವು. ಮೂರು ದೇಶಗಳಲ್ಲಿ ಕೃಷಿ ಆದಾಯ ಏರಿದ್ದೂ ಕಂಡಿತು. ಮನೆಯ ಒಟ್ಟು ಆದಾಯ ಏರಿದ್ದು ಐದರಲ್ಲಿ ಒಂದು ಕಡೆಯೂ ಪತ್ತೆಯಾಗಲಿಲ್ಲ. ತನಗೆ ಹೆಮ್ಮೆ ತರದ ಉತ್ತರವನ್ನು ಹಣ ಕೊಟ್ಟ ಸಂಸ್ಥೆಯೇ ಜನರ ಮುಂದಿಟ್ಟಿತು. ಈ ಪ್ರಾಮಾಣಿಕತೆ ನೆರವಿನ ಲೋಕದಲ್ಲಿ ಅಪರೂಪ, ನಾನು ಅದನ್ನು ಮನಸಾರೆ ಗೌರವಿಸುತ್ತೇನೆ.

ಯೋಜನೆಗಳ ಪರ ಇರುವವರ ಒಂದು ವಾದಕ್ಕೆ ತೂಕವಿದೆ: ಪಕ್ಕದ ಊರಿನ ಬಡವರನ್ನು ಬರೀ ಅಳೆದು, ಏನೂ ಕೊಡದೆ ಬರುವುದು ನ್ಯಾಯವೇ? ಮನಸ್ಸಿಗೆ ಚುಚ್ಚುವ ಪ್ರಶ್ನೆ. ಆದರೆ ಯಾವ ಯೋಜನೆಯ ಹಣವೂ ಎಲ್ಲ ಊರಿಗೆ ಒಮ್ಮೆಗೇ ಸಾಲುವುದಿಲ್ಲ. ಕೆಲವು ಊರುಗಳು ಹೇಗೂ ಕಾಯುತ್ತವೆ. ಕಾಯುವ ಊರನ್ನು ಮೊದಲೇ ಗುರುತಿಸಿ, ಅಲ್ಲಿಯೂ ಲೆಕ್ಕ ಬರೆದಿಟ್ಟು, ಫಲ ಕಂಡ ಮೇಲೆ ಅದೇ ಊರಿಗೆ ಮೊದಲು ಹೋಗುವುದರಲ್ಲಿ ಅನ್ಯಾಯವಿಲ್ಲ. ಫಲಿಸದ ಉಪಾಯವನ್ನು ಹತ್ತು ದೇಶಗಳ ರೈತರ ಮೇಲೆ ಹೇರುವುದರಲ್ಲಿ ಇದೆ.

ಉತ್ತರ ಘಾನಾದಲ್ಲಿ ಮಾಡಿದ್ದು ಇದಕ್ಕೆ ಹತ್ತಿರದ ಕೆಲಸ. ಬ್ರಿಟನ್ ಹಣದಲ್ಲಿ 2012ರಿಂದ 2016ರವರೆಗೆ ನಡೆದ ಅಲ್ಲಿನ ಮಿಲೆನಿಯಂ ಗ್ರಾಮಗಳಿಗೆ ಹೊರಗಿನ ತಂಡವೊಂದು ಮೊದಲ ದಿನಗಳಲ್ಲೇ ಹೋಲಿಕೆಯ ಹಳ್ಳಿಗಳನ್ನು ಗೊತ್ತುಮಾಡಿ, ಎರಡೂ ಕಡೆ ಮನೆಮನೆಯ ಸಮೀಕ್ಷೆ ಮಾಡಿತು. ಆದಾಯ ಏರಿತು, ಆದರೆ ಜನರ ಬಳಕೆಯ ಮಟ್ಟದಲ್ಲಿ ಅದು ಕಾಣಲಿಲ್ಲ. ಬಂದಷ್ಟು ಫಲವನ್ನು ಇನ್ನೂ ಕಡಿಮೆ ಖರ್ಚಿನಲ್ಲಿ ಪಡೆಯಬಹುದಿತ್ತು ಎಂದು ತಂಡ ನೇರವಾಗಿ ಬರೆಯಿತು. ಸೌರಿಯಲ್ಲೂ 2005ರ ಬಿತ್ತನೆಗೆ ಮುಂಚೆ ಇಂಥ ಸಮೀಕ್ಷೆ ಆಗಿದ್ದರೆ, ಇಳುವರಿ ಮನೆಯ ಆದಾಯವಾಗುತ್ತಿಲ್ಲ ಎಂಬುದು ಮೂರನೇ ವರ್ಷಕ್ಕೇ ತಿಳಿಯುವ ಸಾಧ್ಯತೆ ಇತ್ತು. ತಿದ್ದಿಕೊಳ್ಳಲು ಯೋಜನೆಯ ಕೈಯಲ್ಲಿ ಇನ್ನೂ ಏಳು ವರ್ಷ ಉಳಿದಿರುತ್ತಿತ್ತು.